ಗಾಳಿಯಲ್ಲಿ ಬಂದ ಮದುಮಗಳು

ಅಕ್ಕಿಗಿರಣಿಯ ಗುರುಪಾದಪ್ಪನವರಿಗೆ ಮಗಳ ಮದುವೆ ಮುಗಿದ ವಾರಕ್ಕೇ ಬಾಮೈದನ ಜೊತೆ ಜಗಳವಾಯಿತು. ನೆಟ್ಟಗೆ ಸ್ಟುಡಿಯೊಗೆ ಬಂದು ಎಡಿಟರ್ ನಾಗವೇಣಿಯ ಮುಂದೆ ಗುಡುಗಿದರು: "ಮದುವೆ ವಿಡಿಯೊದಲ್ಲಿ ಅವನ ಒಂದು ಕೂದಲೂ ಕಾಣಬಾರದು. ಬೇರೆ ಏನನ್ನೂ ಮುಟ್ಟಬೇಡ!"

"ಆಗಲಿ ಸಾವ್ಕಾರ್ರೇ," ಅಂದಳು ನಾಗವೇಣಿ.

ಮೂರನೇ ದಿನ ನಾಗವೇಣಿ ಸಾವ್ಕಾರರ ಮನೆಗೆ ವಿಡಿಯೊ ತಂದು ಹಾಕಿದಳು; ಬೀಗರೂ ನೆಂಟರೂ ಟಿವಿ ಮುಂದೆ ಕೂತರು. ಬಾಮೈದ ನಿಂತಿದ್ದ ಕಡೆಯೆಲ್ಲ ಬರೀ ಹೂವಿನ ಚಪ್ಪರ. ಆಮೇಲೆ ಮದುಮಗಳು ಬಂದಳು. ನೆಲದಿಂದ ಮೂರಡಿ ಮೇಲೆ, ಗಾಳಿಯಲ್ಲಿ ಕೂತು, ತೇಲಿಕೊಂಡು ಮಂಟಪಕ್ಕೆ ಬಂದಳು! ಅಜ್ಜಿ ಕೈಮುಗಿದರು.

"ಇದೇನಮ್ಮಾ ಇದು?" ಎಂದು ಸಾವ್ಕಾರರು ನಾಗವೇಣಿಯನ್ನು ಮೆಲ್ಲಗೆ ಕೇಳಿದರು.

"ಎತ್ತಿಕೊಂಡು ಬಂದ ಸೋದರಮಾವನನ್ನ ಅಳಿಸಿದೆ ಸಾವ್ಕಾರ್ರೇ. ಇನ್ನು ಹುಡುಗೀನ ಇಳಿಸೋರು ಯಾರು?"

ಸಾವ್ಕಾರರು ಟಿವಿಯನ್ನೇ ನೋಡುತ್ತಾ ಬಾಮೈದನಿಗೆ ಫೋನ್ ಮಾಡಿದರು: "ಬಾರಪ್ಪಾ. ನಿಮ್ಮಕ್ಕನ ಮಗಳು ಇನ್ನೂ ಗಾಳಿಯಲ್ಲೇ ಇದ್ದಾಳೆ. ಬಂದು ಇಳಿಸು."