ಮೊಳೆ ಹೊಡೆದ ಚಹಾ

ಗಡಿಗೆ ಹೊರಡಬೇಕಿದ್ದ ನಮ್ಮ ಪಡೆಗೆ ರೈಲು ಬರುವುದೊಂದೇ ಬಾಕಿ. ಹನ್ನೊಂದು ದಿನವಾದರೂ ಅದರ ಸುಳಿವಿಲ್ಲ. ಆದರೂ ಸುಬೇದಾರ್ ಮಂದಪ್ಪನವರು ದಿನಾ ಬೆಳಿಗ್ಗೆ ಐದಕ್ಕೇ ನಮ್ಮಿಂದ ಹಾಸಿಗೆ ಸುತ್ತಿಸಿ, ಟ್ರಂಕು ಕಟ್ಟಿಸಿ, ಮೈದಾನದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಸಂಜೆ ಎಲ್ಲ ಬಿಚ್ಚಬೇಕು. ಗೊಣಗಿದರೆ ಅವರದು ಒಂದೇ ಮಾತು: "ಅಷ್ಟರಲ್ಲಿ ರೈಲು ಬಂದುಬಿಟ್ಟರೆ?"

ಹನ್ನೆರಡನೆಯ ದಿನ ಅಡುಗೆಯ ಈರಬಸಪ್ಪನ ಮೇಲೂ ಹರಿಹಾಯ್ದರು. "ನಿನ್ನ ಅಡುಗೆಮನೆಗೇನು ಬೇರೆ ಕಾನೂನಾ? ನಾಳೆಯಿಂದ ಅದೂ ಐದಕ್ಕೇ ಗಂಟುಮೂಟೆ ಕಟ್ಟಿ ತಯಾರಿರಬೇಕು!"

"ಆತ್ರಿ ಸಾಹೇಬ್ರ," ಅಂದ ಈರಬಸಪ್ಪ. ಎಷ್ಟು ಖುಷಿಯಿಂದ ಅಂದನೆಂದರೆ ನಮಗೇ ಅನುಮಾನ ಬಂತು.

ಮರುದಿನ ಸುಬೇದಾರರು ಮೀಸೆ ತಿರುವುತ್ತಾ ಅಡುಗೆಮನೆಗೆ ಬಂದರು. ಎದ್ದ ಕೂಡಲೇ ಶುಂಠಿ ಚಹಾ ಗಂಟಲಿಗೆ ಇಳಿಯದಿದ್ದರೆ ಅವರಿಗೆ ತಲೆ ಸಿಡಿಯುತ್ತದೆ. ನೋಡಿದರೆ ಒಲೆಯಿಲ್ಲ, ಕೆಟಲ್ಲಿಲ್ಲ. ಆರು ಮರದ ಪೆಟ್ಟಿಗೆಗಳು ಸಾಲಾಗಿ ನಿಂತಿವೆ. ಪಕ್ಕದಲ್ಲಿ ಈರಬಸಪ್ಪ ಸೆಟೆದು ಸೆಲ್ಯೂಟ್ ಹೊಡೆದ.

"ನನ್ನ ಚಹಾ ಎಲ್ಲೋ?"

"ಮೂರನೇ ಪೆಟ್ಟಿಗ್ಯಾಗ ಐತ್ರಿ. ಮೊಳಿ ಬಡದೀನ್ರಿ."

"ಬಿಚ್ಚೋ ಮಾರಾಯ!"

"ಬಿಚ್ಚಾಕ ಒಂದು ತಾಸು, ಮತ್ತ ಕಟ್ಟಾಕ ಎರಡು ತಾಸು ಬೇಕ್ರಿ. ಅಷ್ಟರಾಗ ರೈಲು ಬಂದಬಿಟ್ರ?"

ಸುಬೇದಾರರು ಪೆಟ್ಟಿಗೆ ನೋಡಿದರು, ಮೊಳೆ ನೋಡಿದರು. ಹಣೆ ಹಿಡಿದುಕೊಂಡು ಮೈದಾನದತ್ತ ತಿರುಗಿ ಕೂಗಿದರು: "ಎಲ್ಲರೂ ಹಾಸಿಗೆ ಬಿಚ್ಚಿರೋ! ಇವತ್ತು ರೈಲು ಬರಲ್ಲ!"

"ಯಾರು ಹೇಳಿದ್ರು ಸಾಹೇಬ್ರೇ?" ಅಂದೆ ನಾನು.

"ನನ್ನ ತಲೆನೋವು!"