ಹುಳವಿಲ್ಲದ ಅತ್ತಿಹಣ್ಣು

ನಡುಸಮುದ್ರದ ಪುಟ್ಟ ದ್ವೀಪದಲ್ಲಿ ಒಂಟಿಯಾಗಿದ್ದ ಅತ್ತಿಮರಕ್ಕೆ ಏನಾಯಿತು, ಹೇಳಿ ನೋಡೋಣ! ಊಹೂಂ, ಸಿಡಿಲೂ ಅಲ್ಲ, ಬಿರುಗಾಳಿಯೂ ಅಲ್ಲ. ಎಳ್ಳುಕಾಳಿನಷ್ಟಿದ್ದ ಅತ್ತಿಹುಳವೊಂದು ಗಾಳಿಯಲ್ಲಿ ತೇಲಿಬಂದು ಕಾಯಿಯ ಬಾಯಿ ತಟ್ಟಿತು.

"ಹೋಗಾಚೆ! ನನ್ನ ಹಣ್ಣು ಬಿಚ್ಚಿದರೆ ಒಂದೇ ಒಂದು ಹುಳವಿಲ್ಲ. ಅದೇ ನನ್ನ ಮರ್ಯಾದೆ!" ಎಂದಿತು ಮರ.

"ಭೇಷ್ ಅಜ್ಜಿ! ಮಕ್ಕಳೆಷ್ಟು?"

ಮರ ತನ್ನ ಬುಡದ ಸುತ್ತ ಕಣ್ಣಾಡಿಸಿತು. ನಲವತ್ತು ವರ್ಷದಲ್ಲಿ ಒಂದು ಸಸಿಯೂ ಮೊಳೆತಿರಲಿಲ್ಲ. ವಂಶ ತನ್ನೊಂದಿಗೇ ಮುಗಿದೀತೆಂಬ ಅಳುಕು ಅದಕ್ಕೆ ಇದ್ದೇ ಇತ್ತು.

"ಆಚೆ ದಡದ ಅತ್ತಿಯ ಪರಾಗ ಹೊತ್ತು ತಂದಿದ್ದೇನೆ. ನಾನು ಒಳಹೊಕ್ಕರೆ ಬೀಜ ಕಟ್ಟುತ್ತದೆ. ನನ್ನ ಮರಿಗಳೂ ಅಲ್ಲೇ ಹುಟ್ಟುತ್ತವೆ. ಮರ್ಯಾದೆ ಬೇಕೋ, ಮಕ್ಕಳು ಬೇಕೋ?"

"ಮರ್ಯಾದೆ ಸಮುದ್ರಕ್ಕೆ ಬೀಳಲಿ! ಒಳಗೆ ಬಾರೇ ತಾಯಿ!"

ಹಣ್ಣಿನ ತುಂಬ ಹುಳವಾಯಿತು, ನಿಜ. ಆದರೆ ಬಂಡೆಯ ಸಂದಿನಲ್ಲಿ ಮೊದಲ ಸಸಿ ಎರಡೆಲೆ ಬಿಚ್ಚಿ ನಿಂತಿತು ನೋಡಿ, ಅಂದು ಶ್ರಾವಣ ಶುದ್ಧ ಪಂಚಮಿ, ಬುಧವಾರ.