ಕಟ್ ಎನ್ನುವವರೆಗೆ

ಶಿಷ್ಯ ಕೇಳಿದ: "ಗುರುಗಳೇ, ಒಂದು ಸಿನಿಮಾ ಮಾಡಲು ಹೊರಟಿದ್ದೇನೆ. ಕೈಯಲ್ಲಿ ದುಡ್ಡಿಲ್ಲ. ಅರ್ಧದಲ್ಲಿ ಕೈಕೊಡದ ಜನ ಬೇಕು. ನಂಬಿಕಸ್ತರನ್ನು ಗುರುತಿಸುವುದು ಹೇಗೆ?"

ಗುರು ಹೇಳಿದರು.

ಒಬ್ಬ ನಿರ್ದೇಶಕನಿದ್ದ. ಅವನದೂ ನಿನ್ನದೇ ಭಯ. ಮೊದಲ ಸಿನಿಮಾದಲ್ಲಿ ಅವನ ಜನ ಊಟ ಸರಿಯಿಲ್ಲವೆಂದು ಜಗಳ ತೆಗೆದು, ಅರ್ಧಕ್ಕೇ ಬಿಟ್ಟು ಹೋಗಿದ್ದರು. ಊಟ ಸರಿಯಿರಲಿಲ್ಲ ಎಂಬುದು ನಿಜ. ಆದರೆ ಅವನ ನೆನಪಿನಲ್ಲಿ ಉಳಿದದ್ದು ಅವರು ಬಿಟ್ಟು ಹೋದದ್ದು ಮಾತ್ರ.

ಎರಡನೆಯ ಸಿನಿಮಾಕ್ಕೆ ಕೆಲಸ ಕೇಳಿ ಬಂದವರನ್ನೆಲ್ಲ ಬಿಸಿಲಲ್ಲಿ, ಬಯಲಿನಲ್ಲಿ ನಿಲ್ಲಿಸಿದ. "ನಾನು ಬರೋವರೆಗೂ ಯಾರೂ ಅಲ್ಲಾಡಬಾರದು" ಎಂದು ಹೇಳಿ ಊಟಕ್ಕೆ ಹೋದ. ಉಂಡು, ಒಂದು ನಿದ್ದೆ ತೆಗೆದು ಬಂದ. ಕೆಲವರು ಮರದ ನೆರಳಿಗೆ ಸರಿದಿದ್ದರು. ಅವರನ್ನು ಕಳಿಸಿಬಿಟ್ಟ. ಸೌಂಡ್ ಕೆಲಸದ ಒಬ್ಬಳು ಎದುರಿಗೇ ಕೇಳಿದಳು, "ನಾವೇನ್ ಸಾರ್, ಒಣಗಾಕಿದ ಮೆಣಸಿನಕಾಯಾ?" ಅವಳಿಗೆ ಆಗಲೇ ಮನೆಯ ದಾರಿ ತೋರಿಸಿದ. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳದೆ ನಿಂತವರು ಐದಾರು ಮಂದಿ. "ಇವರು ನನ್ನವರು" ಎಂದ.

ಅವರಿಗೆ ಒಂದೇ ನಿಯಮ ಹೇಳಿದ. ಏನೇ ಆಗಲಿ, ಅವನು 'ಕಟ್' ಎನ್ನುವವರೆಗೆ ಯಾರೂ ಜಾಗ ಬಿಡಕೂಡದು. ಶಾಟ್ ಕೆಡಿಸಿದವನು ಅವತ್ತೇ ಮನೆಗೆ.

ಕತೆಯಲ್ಲಿ ಒಬ್ಬ ಮುಳುಗಿ ಸಾಯಬೇಕಿತ್ತು. ನಟನಿಗೆ ಕೊಡಲು ದುಡ್ಡಿಲ್ಲದೆ ಆ ಪಾತ್ರವನ್ನು ನಿರ್ದೇಶಕನೇ ವಹಿಸಿಕೊಂಡ. ಹಳೆಯ ಕಲ್ಲುಕ್ವಾರಿಯ ಗುಂಡಿ, ತುಂಬ ನೀರು. ತನಗೆ ಈಜು ಬರುತ್ತದೆ, ಕಾವಲಿಗೆ ಇನ್ನೊಬ್ಬ ಈಜುಗಾರ ದಂಡ ಎಂದುಕೊಂಡ.

ಕ್ಯಾಮೆರಾ ಓಡತೊಡಗಿತು. ನಡುನೀರಿನಲ್ಲಿ ಅವನ ಕಾಲಿಗೆ ಕ್ವಾರಿಯವರು ಬಿಟ್ಟುಹೋದ ತಂತಿ ಹಗ್ಗ ಸುತ್ತಿಕೊಂಡಿತು. ಎಳೆದ. ಬಿಗಿಯಿತು. ದಡದ ಕಡೆ ನೋಡಿದ. ಅವನ ಜನ ಅವನನ್ನೇ ನೋಡುತ್ತ ನಿಂತಿದ್ದರು. ಸಾಯುವವನ ಬಾಯಿಗೆ 'ಕಟ್' ಎಂಬ ಮಾತು ಬರುವುದಿಲ್ಲ. "ಕಾಪಾಡ್ರೋ" ಎಂದು ಕೂಗಿದ. ಪಾತ್ರದ ಮಾತೂ ಅದೇ ಆಗಿತ್ತು.

ಗುಂಡಿಯ ಮೇಲಿನ ಅಂಚಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಕುಡುಗೋಲು ಬಿಸಾಡಿ ಓಡಿಬಂದಳು. "ಅಯ್ಯೋ, ಮುಳುಗ್ತಾವ್ನೆ ಕಣ್ರಪ್ಪಾ! ನೋಡ್ತಾ ನಿಂತವ್ರಲ್ಲ, ಕಣ್ಣು ಹೋಗೈತಾ ನಿಮಗೆ?"

ಲೈಟಿನವನು ತುಟಿಯ ಮೇಲೆ ಬೆರಳಿಟ್ಟ. "ಶ್! ಸುಮ್ನಿರಮ್ಮ, ಶೂಟಿಂಗು. ಅಣ್ಣ ಚೆನ್ನಾಗಿ ಮಾಡ್ತಾವ್ನೆ."

ಇಷ್ಟು ಜನ ನೆಮ್ಮದಿಯಾಗಿ ನಿಂತಿದ್ದಾರೆಂದರೆ ಇದು ಆಟವೇ ಇರಬೇಕು ಎಂದುಕೊಂಡು ಅವಳೂ ಸುಮ್ಮನಾದಳು.

ಅವರು ನೆಮ್ಮದಿಯಾಗಿರಲಿಲ್ಲ. ತಾನು ನೀರಿಗೆ ನೆಗೆದ ಮೇಲೆ ಅದು ನಟನೆಯಾಗಿದ್ದರೆ ಕೆಲಸ ಹೋಯಿತು ಎಂದು ಒಬ್ಬ ಹೆದರಿದ. ಬೇರೆ ಯಾರಾದರೂ ನೆಗೆಯಲಿ, ಹಿಂದೆ ನಾನಿದ್ದೇನೆ ಎಂದು ಇನ್ನೊಬ್ಬ ಕಾದ. ಕ್ಯಾಮೆರಾದವನು ಫೋಕಸ್ ತಪ್ಪಲು ಬಿಡಲಿಲ್ಲ. ನೀರಿನ ಮೇಲೆ ಒಂದು ಕೈ ಉಳಿಯಿತು. ಅದೂ ಇಳಿಯಿತು. ನೀರು ಸಮವಾಯಿತು. ಅವರು ಇನ್ನೂ 'ಕಟ್' ಎನ್ನುವ ದನಿಗೆ ಕಾಯುತ್ತಿದ್ದರು.

ಕೊನೆಗೆ ಮೆಮೊರಿ ಕಾರ್ಡು ತುಂಬಿ ಕ್ಯಾಮೆರಾ ತಾನಾಗಿ ನಿಂತಿತು. ಮನುಷ್ಯರು ಅದರ ನಂತರ ಓಡಿದರು. ಮೇಲೆತ್ತಿದ್ದು ಹೆಣ.

ಗುರು ಕತೆ ಮುಗಿಸಿದರು. "ಥೂ, ಎಂಥ ಹೇಡಿಗಳು! ಅಂಥವರನ್ನು ನಾನು ಹತ್ತಿರ ಸೇರಿಸುವುದಿಲ್ಲ ಗುರುಗಳೇ" ಎಂದ ಶಿಷ್ಯ.

ಗುರು ಅವನ ಮುಖವನ್ನೇ ನೋಡಿದರು. "ಇಷ್ಟು ವರ್ಷ ನನ್ನ ಜೊತೆ ಇದ್ದೀಯ, ಒಂದು ದಿನವೂ ನಾನು ತಪ್ಪು ಮಾಡಲಿಲ್ಲವೇನಪ್ಪ, ನೀನು ಒಂದು ಸಲವೂ ನನ್ನನ್ನು ತಡೆಯಲಿಲ್ಲವಲ್ಲ?"